ಕುಲಗೋತ್ರವಿಲ್ಲದ ನಾಯಿಗಳ ಲಂಡನ್

1862ರ ಬೇಸಿಗೆಯಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ದೊಡ್ಡದೊಂದು ನಾಯಿ ಪ್ರದರ್ಶನ ನಡೆಯಿತು. ಬೇಟೆನಾಯಿ, ಬುಲ್‌ಡಾಗ್, ಮಡಿಲಲ್ಲಿ ಮುದುರಿ ಮಲಗುವ ಪುಟಾಣಿ ನಾಯಿ ಎಲ್ಲವೂ ಬಂದಿದ್ದವು. ಜನ ದುಡ್ಡು ಕೊಟ್ಟು ಒಳಗೆ ಹೋಗಿ ನೋಡಿದರು. ಆಗಸ್ಟ್ ತಿಂಗಳಲ್ಲಿ ಚಾರ್ಲ್ಸ್ ಡಿಕೆನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಅದರ ಬಗ್ಗೆ ಒಂದು ಲೇಖನ ಬಂತು. ಆದರೆ ಲೇಖನ ಆ ಪ್ರದರ್ಶನಕ್ಕೇ ನಿಲ್ಲಲಿಲ್ಲ. ಅಲ್ಲಿಂದ ಒಂದು ಮೈಲಿಯೊಳಗೆ, ಹಾಲೊವೇ ಎಂಬಲ್ಲಿ, ಯಾರೂ ಟಿಕೆಟ್ ಕೊಂಡು ನೋಡದ ನಾಯಿಗಳ ಇನ್ನೊಂದು ಗುಂಪಿತ್ತು. ದಾರಿ ತಪ್ಪಿದವು, ಯಾರೋ ಹೊರದಬ್ಬಿದವು, ಹಸಿದು ಎಲುಬು ಬಿಟ್ಟವು. ಪತ್ರಿಕೆ ಓದುಗರನ್ನು ಅಲ್ಲಿಗೂ ಕರೆದುಕೊಂಡು ಹೋಯಿತು.

ನಾಯಿಯೊಂದನ್ನು ಕಂಡ ಕೂಡಲೇ ‘ಯಾವ ಜಾತಿ?’ ಎಂದು ಕೇಳುವುದು ಇಂದು ಬೆಂಗಳೂರಿನ ಪಾರ್ಕುಗಳಲ್ಲೂ ರೂಢಿ. ಅನಾದಿ ಕಾಲದಿಂದ ಬಂದ ಪ್ರಶ್ನೆಯೇನೋ ಎನ್ನುವಷ್ಟು ಸಹಜವಾಗಿ ಅದು ಬಾಯಿಗೆ ಬರುತ್ತದೆ. ಆದರೆ ವಂಶಾವಳಿ ಬರೆದಿಟ್ಟು, ಅಂಕ ಹಾಕಿ, ಇದು ಶುದ್ಧ ಇದು ಬೆರಕೆ ಎಂದು ವಿಂಗಡಿಸುವ ಪದ್ಧತಿ ಆ ಬೇಸಿಗೆಯ ಹೊತ್ತಿಗೆ ಇನ್ನೂ ಎಳೆಯ ಕೂಸು. ಅಂಥ ಮೊದಲ ಪ್ರದರ್ಶನ ನಡೆದದ್ದು 1859ರ ಜೂನ್‌ನಲ್ಲಿ, ನ್ಯೂಕಾಸಲ್ ಪಟ್ಟಣದಲ್ಲಿ. ಬಂದದ್ದು ಅರವತ್ತು ನಾಯಿಗಳು, ಅವೂ ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ಬಗೆಯ ಬೇಟೆನಾಯಿಗಳು. ಗೆದ್ದವರಿಗೆ ಬಹುಮಾನವಾಗಿ ಬಂದೂಕು ಕೊಟ್ಟರು. ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಮನುಷ್ಯ ಮತ್ತು ನಾಯಿ ಒಂದೇ ಸೂರಿನಡಿ ಬಾಳಿದ ಸಾವಿರಾರು ವರ್ಷಗಳಲ್ಲಿ ಈ ಲೆಕ್ಕಪತ್ರದ ವಯಸ್ಸು ಇನ್ನೂರು ವರ್ಷವೂ ಆಗಿಲ್ಲ.

ಅದಕ್ಕೂ ಮುಂಚೆ ಭೇದಭಾವ ಇರಲಿಲ್ಲವೆಂದಲ್ಲ. ಅರಸರ ಬೇಟೆನಾಯಿಗೂ ಅಡುಗೆಮನೆಯ ನಾಯಿಗೂ ಅಜಗಜಾಂತರವಿತ್ತು. ಆದರೆ ಆ ಅಂತರ ಹುಟ್ಟುತ್ತಿದ್ದುದು ಕೆಲಸದಿಂದ. ಇಂಗ್ಲೆಂಡಿನ ರಾಜವೈದ್ಯ ಜಾನ್ ಕೀಸ್ 1570ರಲ್ಲಿ ತಮ್ಮ ದೇಶದ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. 1576ರಲ್ಲಿ ಅದು ಇಂಗ್ಲಿಷಿಗೆ ಬಂತು. ಬೇಟೆಯವು, ಕುರಿ ಕಾಯುವವು, ರಾಣಿವಾಸದವು ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಕೀಳು ಬೆರಕೆ ನಾಯಿಗಳಿಗೆಂದು ಒಂದು ವಿಭಾಗ. ಅಲ್ಲಿ ಮೂರು ಬಗೆಯವು ಸಿಗುತ್ತವೆ: ರಾತ್ರಿ ಸದ್ದಾದರೆ ಬೊಗಳಿ ಎಬ್ಬಿಸುವುದು, ವಾದ್ಯಕ್ಕೆ ಸರಿಯಾಗಿ ಕುಣಿದು ಒಡೆಯನ ಹೊಟ್ಟೆ ಹೊರೆಯುವುದು, ಅಡುಗೆಮನೆಯ ಚಕ್ರ ತುಳಿಯುವುದು. ಕೀಳು ಎನ್ನುತ್ತಲೇ ಕೀಸ್ ಅವಕ್ಕೆಲ್ಲ ಒಂದೊಂದು ಕಸುಬು ಗುರುತಿಸಿದ್ದರು ಎಂಬುದನ್ನು ಮರೆಯಬಾರದು.

ಚಕ್ರ ತುಳಿಯುವ ನಾಯಿಯ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಲೆಯ ಪಕ್ಕದ ಗೋಡೆಯ ಮೇಲೆ, ಆಳೆತ್ತರಕ್ಕಿಂತಲೂ ಮೇಲೆ, ಮರದ ಪೊಳ್ಳು ಚಕ್ರವೊಂದನ್ನು ಕೂರಿಸುತ್ತಿದ್ದರು. ಅದರೊಳಗೆ ಉದ್ದ ಮೈಯ, ಡೊಂಕು ಗಿಡ್ಡ ಕಾಲಿನ ನಾಯಿಯೊಂದನ್ನು ಬಿಟ್ಟರೆ, ಅದು ನಡೆದಂತೆಲ್ಲ ಚಕ್ರ ತಿರುಗುತ್ತಿತ್ತು. ಚಕ್ರದಿಂದ ಇಳಿಬಿಟ್ಟ ಹಗ್ಗ ಅಥವಾ ಸರಪಳಿ ಬೆಂಕಿಯ ಮುಂದಿನ ಕಬ್ಬಿಣದ ಸರಳನ್ನು ತಿರುಗಿಸುತ್ತಿತ್ತು. ಸರಳಿನಲ್ಲಿ ಮಾಂಸದ ದೊಡ್ಡ ತುಂಡು. ಅದು ಎಲ್ಲ ಕಡೆ ಸಮನಾಗಿ ಬೇಯಲು ಗಂಟೆಗಟ್ಟಲೆ ಬೇಕು. ಒಲೆಯ ಬಿಸಿ, ಹೊಗೆ, ಮೂಗಿಗೆ ಅಡರುವ ಮಾಂಸದ ವಾಸನೆ, ಕಾಲಡಿಯಲ್ಲಿ ಎಂದೂ ಮುಗಿಯದ ದಾರಿ. ದೊಡ್ಡ ಮನೆಗಳಲ್ಲಿ ಇಂಥ ಎರಡು ನಾಯಿಗಳಿದ್ದು ಪಾಳಿ ಬದಲಿಸುತ್ತಿದ್ದವು. ಸರಳು ತಿರುಗಿಸಲು ಯಂತ್ರ ಬಂದು ಅಗ್ಗವಾದಂತೆ ಚಕ್ರಗಳು ಅಟ್ಟ ಸೇರಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಾಯಿಗಳೂ ಇಲ್ಲವಾದವು. ವೇಲ್ಸ್‌ನ ಅಬರ್ಗವೆನ್ನಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ‘ವಿಸ್ಕಿ’ ಎಂಬ ಹೆಸರಿನ ಒಂದು ನಾಯಿಯನ್ನು ಹುಲ್ಲು ತುಂಬಿ ಉಳಿಸಿದ್ದಾರೆ. ಕಂದು ಬಣ್ಣದ, ಜೋಲು ಕಿವಿಯ ಪುಟ್ಟ ಪ್ರಾಣಿ. ಇಂಗ್ಲೆಂಡಿನ ಊಟದ ಮೇಜಿಗೆ ಅಷ್ಟು ಶತಮಾನ ದುಡಿದವುಗಳ ಪರವಾಗಿ ಅದೊಂದೇ ನಿಂತಿದೆ.

ಗಾಡಿ ಎಳೆಯುವ ಕೆಲಸವೂ ಹೋಯಿತು. ಬಡ ವ್ಯಾಪಾರಿಗಳು ಸಣ್ಣ ಕೈಗಾಡಿಗೆ ನಾಯಿ ಕಟ್ಟಿ ಸರಕು ಸಾಗಿಸುತ್ತಿದ್ದುದನ್ನು ಲಂಡನ್ನಿನಲ್ಲಿ 1839ರ ಪೊಲೀಸ್ ಕಾಯ್ದೆ ನಿಷೇಧಿಸಿತು. 1854ರಲ್ಲಿ ನಿಷೇಧ ದೇಶಕ್ಕೆಲ್ಲ ವಿಸ್ತರಿಸಿತು. ನಾಯಿಗಳ ಮೇಲಿನ ಕ್ರೌರ್ಯ ತಪ್ಪಲಿ ಎಂಬ ಸದುದ್ದೇಶದ ಕಾನೂನೇ ಅದು. ಆದರೆ ದುಡಿಯದ ನಾಯಿಗೆ ಅನ್ನ ಹಾಕುವ ಶಕ್ತಿ ಎಷ್ಟು ಜನರಿಗಿತ್ತು? ಜೊತೆಗೆ 1796ರಿಂದಲೇ ನಾಯಿಯ ಮೇಲೆ ತೆರಿಗೆ ಇತ್ತು. 1867ರಲ್ಲಿ ಅದು ವರ್ಷಕ್ಕೆ ಐದು ಶಿಲಿಂಗ್‌ನ ಪರವಾನಗಿಯಾಯಿತು, 1878ರಲ್ಲಿ ಏಳೂವರೆ ಶಿಲಿಂಗ್ ಆಯಿತು. ದಿನಗೂಲಿಯವನಿಗೆ ಇದು ಸಣ್ಣ ಮೊತ್ತವಲ್ಲ. ಎಡಿನ್‌ಬರೋದಲ್ಲಿ ಒಡೆಯನ ಗೋರಿ ಬಿಟ್ಟು ಕದಲದೆ ಹೆಸರಾದ ‘ಬಾಬಿ’ ಎಂಬ ಪುಟ್ಟ ನಾಯಿಗೂ 1867ರಲ್ಲಿ ಪರವಾನಗಿಯ ಸಂಕಟ ಬಂದಿತ್ತು. ಆ ನಗರದ ಮುಖ್ಯಸ್ಥ ವಿಲಿಯಂ ಚೇಂಬರ್ಸ್ ತಾವೇ ಹಣ ಕಟ್ಟಿ ಅದನ್ನು ಉಳಿಸಿದರು. ಎಲ್ಲ ನಾಯಿಗೂ ಅಂಥ ಭಾಗ್ಯ ಎಲ್ಲಿ ಬರಬೇಕು?

ಇಷ್ಟಾದರೂ ಲಂಡನ್ನಿನ ಬಡವರು ನಾಯಿ ಸಾಕುವುದನ್ನು ಬಿಡಲಿಲ್ಲ. ಆ ನಗರದ ಬಡಜನರ ಬದುಕನ್ನು ಬೀದಿ ಬೀದಿ ಅಲೆದು ದಾಖಲಿಸಿದ ಹೆನ್ರಿ ಮೇಹ್ಯೂ, ನಾಯಿ ಬೆಕ್ಕುಗಳಿಗೆಂದೇ ಮಾಂಸ ಮಾರುತ್ತ ತಿರುಗುವವರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕಸಾಯಿಖಾನೆಯಲ್ಲಿ ಸತ್ತ ಕುದುರೆಗಳ ಮಾಂಸವನ್ನು ಬೇಯಿಸಿ, ತುಂಡು ಮಾಡಿ, ಕಡ್ಡಿಗೆ ಪೋಣಿಸಿ ಅವರು ಮನೆಮನೆಗೆ ತರುತ್ತಿದ್ದರು. ಅರ್ಧ ಪೆನ್ನಿಗೂ ಒಂದು ಕಡ್ಡಿ ಸಿಗುತ್ತಿತ್ತು. ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರೂ ಆ ಅರ್ಧ ಪೆನ್ನಿಯನ್ನು ನಾಯಿಗಾಗಿ ತೆಗೆದಿಡುತ್ತಿದ್ದರು ಎಂಬುದು ಈ ವ್ಯಾಪಾರ ನಡೆದುಬಂದ ರೀತಿಯಿಂದಲೇ ತಿಳಿಯುತ್ತದೆ.

ಹಾಲೊವೇಯ ಕಥೆ ಶುರುವಾದದ್ದೂ ಒಂದು ಅಡುಗೆಮನೆಯಲ್ಲಿಯೇ. ಮೇರಿ ಟೀಲ್‌ಬಿ ಎಂಬ, ಗಂಡನಿಂದ ದೂರವಾಗಿ ಸೋದರನ ಜೊತೆ ಬಾಳುತ್ತಿದ್ದ, ಅರವತ್ತರ ಅಂಚಿನ ಮಹಿಳೆ 1860ರಲ್ಲಿ ತಮ್ಮ ಗೆಳತಿ ಸಾರಾ ಮೇಜರ್ ಬೀದಿಯಿಂದ ಎತ್ತಿ ತಂದಿದ್ದ ನಾಯಿಯೊಂದನ್ನು ಕಂಡರು. ಹಸಿವಿನಿಂದ ಸಾಯುತ್ತಿದ್ದ ಆ ನಾಯಿಗೆ ಇಬ್ಬರೂ ಆರೈಕೆ ಮಾಡಿದರು. ಅದು ಉಳಿಯಲಿಲ್ಲ. ಆದರೆ ಬೀದಿಯಲ್ಲಿ ಅಂಥವು ಇನ್ನೂ ಎಷ್ಟೋ ಇದ್ದವು. ಒಂದೊಂದಾಗಿ ಬಂದವು, ಮನೆ ಸಾಲದಾಯಿತು, ಹಾಲಿಂಗ್ಸ್‌ವರ್ತ್ ಬೀದಿಯ ಕುದುರೆಲಾಯವೊಂದನ್ನು ಬಾಡಿಗೆಗೆ ಹಿಡಿದರು. ‘ಕಳೆದುಹೋದ ಮತ್ತು ಹಸಿದ ನಾಯಿಗಳ ತಾತ್ಕಾಲಿಕ ನಿಲಯ’ ಎಂದು ಹೆಸರಿಟ್ಟರು.

‘ದಿ ಟೈಮ್ಸ್’ ಪತ್ರಿಕೆ ಆ ವರ್ಷದ ಅಕ್ಟೋಬರ್‌ನಲ್ಲಿ ಇದನ್ನು ಹಿಗ್ಗಾಮುಗ್ಗಾ ಹೀಯಾಳಿಸಿತು. ಇವರಿಗೆ ಬುದ್ಧಿ ನೆಟ್ಟಗಿದೆಯೇ ಎಂಬ ಧಾಟಿಯಲ್ಲಿ ಬರೆಯಿತು. ಮನುಷ್ಯರೇ ಹಸಿದಿರುವಾಗ ನಾಯಿಗೆ ಮನೆಯೇ ಎಂಬ ಮಾತು ಇಂದಿಗೂ ಪ್ರತಿ ಊರಿನಲ್ಲೂ ಕೇಳಿಬರುತ್ತದೆ. ಹಸಿದ ಮನುಷ್ಯನ ಮುಂದಿನ ತಟ್ಟೆಯನ್ನು ಟೀಲ್‌ಬಿ ಕಿತ್ತುಕೊಂಡಿರಲಿಲ್ಲ ಎಂಬುದಷ್ಟೇ ಅದಕ್ಕೆ ಉತ್ತರ. ಹೀಯಾಳಿಕೆಗೆ ಬಲವಾದ ಎದುರುಮಾತಾಗಿ ನಿಂತದ್ದು ಡಿಕೆನ್ಸ್ ಪತ್ರಿಕೆಯ ಆ ಲೇಖನವೇ. ಟೀಲ್‌ಬಿ 1865ರಲ್ಲಿ ತೀರಿಕೊಂಡರು. ಬೊಗಳುವ ಸದ್ದಿಗೆ ಸುತ್ತಲ ಜನ ರೋಸಿಹೋಗಿದ್ದರಿಂದ ನಿಲಯ 1871ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕೆ, ರೈಲುಹಳಿಗಳ ನಡುವಿನ ಬ್ಯಾಟರ್ಸಿಗೆ ಹೋಯಿತು. 1885ರಲ್ಲಿ ವಿಕ್ಟೋರಿಯಾ ರಾಣಿ ಅದರ ಪೋಷಕಿಯಾದರು.

ಇಲ್ಲಿಯ ಕಹಿ ಭಾಗವನ್ನೂ ಹೇಳಲೇಬೇಕು. 1867ರ ಕಾಯ್ದೆ ಒಡೆಯನಿಲ್ಲದ ನಾಯಿಗಳನ್ನು ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಮೂರು ದಿನದೊಳಗೆ ಯಾರೂ ಬಂದು ಕೇಳದಿದ್ದರೆ ಮಾರಬಹುದು, ಇಲ್ಲವೇ ಕೊಲ್ಲಬಹುದು. ಮುದ್ದಾದ ಜಾತಿ ನಾಯಿಗೆ ಗಿರಾಕಿ ಸಿಗುತ್ತಿತ್ತು. ಒರಟು ಕೂದಲಿನ ಬೆರಕೆಗೆ ಸಿಗುವುದು ಕಷ್ಟವಿತ್ತು. ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ 1884ರಲ್ಲಿ ನೋವಿಲ್ಲದೆ ಪ್ರಾಣ ತೆಗೆಯುವ ಅನಿಲದ ಕೋಣೆಯೊಂದನ್ನು ಬ್ಯಾಟರ್ಸಿಯಲ್ಲಿ ಕಟ್ಟಿಸಿದರು. ಅಲ್ಲಿಯವರೆಗೆ ಬಳಸುತ್ತಿದ್ದ ವಿಧಾನಗಳಿಗಿಂತ ಅದು ಮೇಲು ಎಂಬುದೇ ಆಗಿನವರ ಸಮಾಧಾನ.

ಕೊಲ್ಲುವುದರ ಹಿಂದೆ ರೇಬೀಸ್‌ನ ಭಯವಿತ್ತು, ಅದು ಸುಳ್ಳು ಭಯವೂ ಅಲ್ಲ. ನಾಯಿಗಳ ಬಾಯಿಗೆ ಕುಕ್ಕೆ ಹಾಕಬೇಕೆಂಬ ಆದೇಶಗಳು ಬಂದವು. ಕೃಷಿ ಇಲಾಖೆಯ ಮುಖ್ಯಸ್ಥ ವಾಲ್ಟರ್ ಲಾಂಗ್ 1890ರ ದಶಕದ ಕೊನೆಯಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತಂದರು. ಬೇಟೆಗೆ ಹೋಗುವ ಶ್ರೀಮಂತರ ನಾಯಿಗಳಿಗೆ ಮಾತ್ರ ಕೆಲಸದ ಹೊತ್ತಿನಲ್ಲಿ ವಿನಾಯಿತಿ. ಬೀದಿಯ ಬೆರಕೆ ನಾಯಿಯ ಒಡೆಯರು ಸಿಟ್ಟಾದದ್ದು ಸಹಜವೇ. ಆದರೂ ಆ ನಿಯಮ ಫಲ ಕೊಟ್ಟಿತು. 1902ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೇಬೀಸ್ ಇಲ್ಲವಾಯಿತು.

ಇದೇ ಭಯವನ್ನು ಆಂಗ್ಲರು ಅದಕ್ಕೂ ಮೊದಲೇ ಭಾರತಕ್ಕೂ ತಂದಿದ್ದರು. ಬೊಂಬಾಯಿಯಲ್ಲಿ ಬೀದಿನಾಯಿ ಕೊಂದವರಿಗೆ ಇನಾಮು ಕೊಡುವ ಕ್ರಮವಿತ್ತು. 1832ರ ಜೂನ್ 6ರಂದು ಪೊಲೀಸರು ಕೋಟೆಯೊಳಗಿನ ಪಾರ್ಸಿ ಮನೆಗಳ ಸುತ್ತ ನಾಯಿ ಹಿಡಿಯಲು ಬಂದಾಗ ಜನ ತಿರುಗಿಬಿದ್ದರು. ಪಾರ್ಸಿಗಳ ಧರ್ಮದಲ್ಲಿ ನಾಯಿಗೆ ಪವಿತ್ರ ಸ್ಥಾನವಿದೆ. ಶವಸಂಸ್ಕಾರದಲ್ಲಿ ನಾಯಿಯ ನೋಟ ಬೀಳಲೇಬೇಕು. ಮಾರನೆಯ ದಿನ ಅಂಗಡಿಗಳು ಮುಚ್ಚಿದವು, ಬೇರೆ ಸಮುದಾಯದವರೂ ಸೇರಿಕೊಂಡರು, ಸೈನಿಕರಿಗೆ ಹೋಗುವ ಆಹಾರಸಾಮಗ್ರಿಯನ್ನೂ ತಡೆದರು. ಕೊನೆಗೆ ಪಡೆ ಕರೆಸಿ ಗಲಭೆ ಅಡಗಿಸಬೇಕಾಯಿತು. ಆ ದಿನ ಜನ ಬೀದಿಗಿಳಿದದ್ದು ಯಾವ ವಂಶಾವಳಿಯೂ ಇಲ್ಲದ ಕೇರಿಯ ನಾಯಿಗಳಿಗಾಗಿ.

ಬ್ಯಾಟರ್ಸಿಗೆ ಮರಳೋಣ. 1903ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಎಂಬ ಶರೀರವಿಜ್ಞಾನಿ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ಪುಟ್ಟ ಟೆರಿಯರ್ ಬೆರಕೆ ನಾಯಿಯೊಂದರ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಸಭಿಕರಲ್ಲಿ ಸ್ವೀಡನ್ನಿನ ಇಬ್ಬರು ತರುಣಿಯರಿದ್ದರು, ಲಿಝಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ, ಅದರ ಮೈಮೇಲೆ ಹಿಂದಿನ ಶಸ್ತ್ರಕ್ರಿಯೆಯ ಗಾಯವಿತ್ತು ಎಂದು ಅವರು ಬರೆದರು. ಪ್ರಾಣಿಪ್ರಯೋಗ ವಿರೋಧಿ ಸ್ಟೀಫನ್ ಕೋಲ್‌ರಿಜ್ ಅದನ್ನು ಸಭೆಯಲ್ಲಿ ಹೇಳಿದರು. ಬೇಲಿಸ್ ಮಾನನಷ್ಟದ ದಾವೆ ಹೂಡಿ ಗೆದ್ದರು. ಪರಿಹಾರ 2,000 ಪೌಂಡ್.

ನ್ಯಾಯಾಲಯದಲ್ಲಿ ಸೋತ ನಾಯಿಗೆ ಬ್ಯಾಟರ್ಸಿಯ ಕಾರ್ಮಿಕರು ಜಾಗ ಕೊಟ್ಟರು. 1906ರ ಸೆಪ್ಟೆಂಬರ್ 15ರಂದು ಅಲ್ಲಿನ ಲ್ಯಾಚ್‌ಮಿಯರ್ ಬಡಾವಣೆಯಲ್ಲಿ ಅದರ ಕಂಚಿನ ಪ್ರತಿಮೆ ನಿಂತಿತು. ಕೆಳಗೆ ಕುಡಿಯುವ ನೀರಿನ ತೊಟ್ಟಿ, ಮನುಷ್ಯರಿಗೊಂದು, ಪ್ರಾಣಿಗಳಿಗೊಂದು. ಪೀಠದ ಮೇಲಿನ ಬರಹ ಕಾಲೇಜನ್ನು ಹೆಸರಿಸಿಯೇ ದೂಷಿಸಿತ್ತು. ವೈದ್ಯವಿದ್ಯಾರ್ಥಿಗಳು ಕೆರಳಿದರು. 1907ರ ಡಿಸೆಂಬರ್‌ನಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳು ಕೋಲಿನ ತುದಿಗೆ ನಾಯಿಬೊಂಬೆ ಸಿಕ್ಕಿಸಿಕೊಂಡು ಮೆರವಣಿಗೆ ಹೊರಟು ಪೊಲೀಸರೊಂದಿಗೆ ಹೊಡೆದಾಡಿದರು. ಪ್ರತಿಮೆಗೆ ಹಗಲಿರುಳು ಕಾವಲು ಬೇಕಾಯಿತು. ಕಡೆಗೆ 1910ರ ಮಾರ್ಚ್ 10ರ ನಸುಕಿನಲ್ಲಿ, 120 ಪೊಲೀಸರ ರಕ್ಷಣೆಯಲ್ಲಿ ನಾಲ್ವರು ಕೆಲಸಗಾರರು ಬಂದು ಅದನ್ನು ಕಿತ್ತುಕೊಂಡು ಹೋದರು. ಹೊಸ ಪ್ರತಿಮೆ ಬಂದದ್ದು 1985ರಲ್ಲಿ, ಬ್ಯಾಟರ್ಸಿ ಪಾರ್ಕಿನೊಳಗೆ. ಆ ಪ್ರಯೋಗಗಳಿಂದ ವೈದ್ಯಶಾಸ್ತ್ರಕ್ಕೆ ಲಾಭವಾಗಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರಯೋಗಶಾಲೆಯ ಮೇಜಿಗೆ ಹೋಗುತ್ತಿದ್ದುದು ಕೇಳುವವರಿಲ್ಲದ ನಾಯಿಯೇ ಎಂಬುದನ್ನು ಬ್ಯಾಟರ್ಸಿಯ ಜನ ಸರಿಯಾಗಿಯೇ ಗುರುತಿಸಿದ್ದರು. ಅಲ್ಲಿಯ ನಾಯಿನಿಲಯವೂ ತನ್ನ ನಾಯಿಗಳನ್ನು ಪ್ರಯೋಗಕ್ಕೆ ಕೊಡುತ್ತಿರಲಿಲ್ಲ.

ಕೇಳುವವರಿದ್ದರೂ ಕೈಯಲ್ಲಿ ಕಾಸಿಲ್ಲದವರ ಪಾಡೇನು? ಆ ಪ್ರಶ್ನೆಗೆ ಉತ್ತರ ಕೊಟ್ಟವರು ಮರಿಯಾ ಡಿಕಿನ್. 1917ರ ನವೆಂಬರ್‌ನಲ್ಲಿ, ಮಹಾಯುದ್ಧದ ನಡುವೆ, ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಕೇರಿಯ ನೆಲಮಾಳಿಗೆಯೊಂದರಲ್ಲಿ ಬಡವರ ಪ್ರಾಣಿಗಳಿಗೆ ಉಚಿತ ದವಾಖಾನೆ ತೆರೆದರು. ಜನ ಶಾಲಿನಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿಟ್ಟು ನಾಯಿ, ಬೆಕ್ಕು, ಕತ್ತೆಗಳನ್ನೆಲ್ಲ ತಂದರು. ಪಿಡಿಎಸ್‌ಎ ಎಂಬ ಸಂಸ್ಥೆ ಬೆಳೆದದ್ದು ಅಲ್ಲಿಂದ. ಕಜ್ಜಿ, ಮುರಿದ ಕಾಲು, ಹುಳು, ಕೊಳೆತ ಹಲ್ಲು: ಪುಟ್ಟ ನಾಯಿಯ ಜೊತೆಗಿನ ಬಾಳುವೆ ದಿನನಿತ್ಯ ಇಂಥವುಗಳಲ್ಲೇ ಕಳೆಯುತ್ತದೆ. ಪ್ರಶಸ್ತಿ ಫಲಕಗಳಿಗಿಂತ ಈ ನೆಲಮಾಳಿಗೆಯ ಬೆಂಚು ಬೆರಕೆ ನಾಯಿಯ ಇತಿಹಾಸದಲ್ಲಿ ದೊಡ್ಡದು.

1939ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನಡೆದದ್ದನ್ನು ಲಂಡನ್ ಬಹುಕಾಲ ಮಾತಾಡದೆ ಬಿಟ್ಟಿತು. ಯುದ್ಧ ಘೋಷಣೆಯಾದೊಡನೆ, ಬಾಂಬ್ ಬೀಳುವ ಮೊದಲೇ, ಜನ ತಮ್ಮ ನಾಯಿ ಬೆಕ್ಕುಗಳನ್ನು ಎತ್ತಿಕೊಂಡು ಪಶುವೈದ್ಯರ ಬಾಗಿಲಲ್ಲಿ ಸಾಲುಗಟ್ಟಿದರು. ಹಳ್ಳಿಗೆ ಕಳಿಸಲಾಗದಿದ್ದರೆ ಕೊಲ್ಲಿಸುವುದೇ ದಯೆ ಎಂದು ಅಧಿಕೃತ ಸಮಿತಿಯೊಂದರ ಕರಪತ್ರ ಹೇಳಿತ್ತು. ಕೊಲ್ಲಿ ಎಂಬ ಆದೇಶವಂತೂ ಇರಲಿಲ್ಲ. ಇತಿಹಾಸಕಾರ್ತಿ ಹಿಲ್ಡಾ ಕೀನ್ ಅವರ ಲೆಕ್ಕದಂತೆ ಆ ಒಂದೇ ವಾರದಲ್ಲಿ ಲಂಡನ್ನಿನ ಸುಮಾರು 4 ಲಕ್ಷ ಬೆಕ್ಕು ನಾಯಿಗಳು ಸತ್ತವು. ಹೂಳಲು ಜಾಗವಿಲ್ಲದೆ ಪಿಡಿಎಸ್‌ಎ ಇಲ್ಫರ್ಡ್‌ನಲ್ಲಿದ್ದ ತನ್ನ ಬಯಲನ್ನೇ ಬಿಟ್ಟುಕೊಟ್ಟಿತು.

ಉಳಿದವುಗಳಲ್ಲಿ ಒಂದು ಮರುವರ್ಷ, 1940ರ ಬಾಂಬ್ ದಾಳಿಯ ಬಳಿಕ, ಪೂರ್ವ ಲಂಡನ್ನಿನ ಪಾಪ್ಲರ್‌ನ ಅವಶೇಷಗಳ ನಡುವೆ ಅಲೆಯುತ್ತಿತ್ತು. ಟೆರಿಯರ್ ಬೆರಕೆಯ ಪುಟ್ಟ ನಾಯಿ. ವಾಯುದಾಳಿ ಕಾವಲುಗಾರ ಕಿಂಗ್ ಎಂಬವರು ಅದಕ್ಕೆ ತಮ್ಮ ಊಟದ ಚೂರು ಹಾಕಿದರು. ತಿಂದು ಹೋಗುತ್ತದೆ ಎಂದುಕೊಂಡರು. ಅದು ಹೋಗಲಿಲ್ಲ. ಸೌತ್‌ಹಿಲ್ ಬೀದಿಯ ಕಾವಲು ಪಡೆಯೇ ಅದರ ಮನೆಯಾಯಿತು, ‘ರಿಪ್’ ಎಂದು ಹೆಸರೂ ಬಂತು. ಯಾರೂ ತರಬೇತಿ ಕೊಟ್ಟಿರಲಿಲ್ಲ. ಬಾಂಬ್ ಬಿದ್ದು ಮನೆ ಕುಸಿದಾಗ ಹೊಗೆ ಧೂಳಿನ ನಡುವೆ ನುಗ್ಗಿ, ಇಟ್ಟಿಗೆಯ ರಾಶಿಯನ್ನು ಮೂಸಿ ನೋಡಿ, ಜೀವ ಇರುವ ಕಡೆ ಕೆರೆಯತೊಡಗುತ್ತಿತ್ತು. ಅಲ್ಲಿ ಅಗೆದರೆ ಮನುಷ್ಯರು ಸಿಗುತ್ತಿದ್ದರು. ಹನ್ನೆರಡು ತಿಂಗಳಲ್ಲಿ ಅದು ತೋರಿಸಿಕೊಟ್ಟವರು ನೂರಕ್ಕೂ ಹೆಚ್ಚು ಮಂದಿ. ಯುದ್ಧದ ಕೊನೆಯ ಹೊತ್ತಿಗೆ ನಾಯಿಗಳಿಗೆ ಹುಡುಕಾಟದ ಕೆಲಸ ಕಲಿಸಲು ಅಧಿಕಾರಿಗಳು ಮುಂದಾದದ್ದರಲ್ಲಿ ರಿಪ್‌ನ ಪಾಲಿದೆ. ಮರಿಯಾ ಡಿಕಿನ್ 1943ರಲ್ಲಿ ಸ್ಥಾಪಿಸಿದ್ದ, ಪ್ರಾಣಿಗಳ ಶೌರ್ಯಕ್ಕೆ ಮೀಸಲಾದ ಪದಕ 1945ರಲ್ಲಿ ಅದಕ್ಕೆ ಬಂತು. 1946ರಲ್ಲಿ ರಿಪ್ ಸತ್ತಾಗ ಅದನ್ನೂ ಇಲ್ಫರ್ಡ್‌ನ ಆ ಬಯಲಲ್ಲೇ ಮಣ್ಣು ಮಾಡಿ ಕಲ್ಲು ನಿಲ್ಲಿಸಿದರು.

ಕೆನಲ್ ಕ್ಲಬ್ಬು ಬೆರಕೆ ನಾಯಿಗಳಿಗಾಗಿಯೇ ‘ಸ್ಕ್ರಫ್ಟ್ಸ್’ ಎಂಬ ಸ್ಪರ್ಧೆ ಆರಂಭಿಸಿದ್ದು 2000ದಲ್ಲಿ. 2012ರಲ್ಲಿ ‘ಪಡ್ಸಿ’ ಎಂಬ ಪುಟ್ಟ ಬೆರಕೆ ನಾಯಿ ತನ್ನ ಒಡತಿಯೊಂದಿಗೆ ಕುಣಿದು ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಗೆದ್ದಿತು. ಕೀಸ್ ವರ್ಣಿಸಿದ ಕುಣಿಯುವ ನಾಯಿಯ ಕಸುಬು ಟಿವಿಯಲ್ಲಿ ಮುಂದುವರಿದಂತಾಯಿತು. ಕಾಕರ್ ಸ್ಪೇನಿಯಲ್ ಮತ್ತು ಪೂಡಲ್ ಸೇರಿಸಿದ ಕಾಕಪೂಗಳಂಥ ಹೊಸ ಬೆರಕೆಗಳು ಈಗ ಜಾತಿ ನಾಯಿಗಳಷ್ಟೇ ದುಬಾರಿ. ಆಸ್ಟ್ರೇಲಿಯಾದಲ್ಲಿ 1989ರಲ್ಲಿ ಕುರುಡರ ಮಾರ್ಗದರ್ಶಿ ನಾಯಿಯಾಗಿ ಲ್ಯಾಬ್ರಡೂಡಲ್ ಬೆಳೆಸಿದ ವಾಲಿ ಕಾನ್ರನ್, ಈ ಗೀಳಿಗೆ ದಾರಿ ಮಾಡಿಕೊಟ್ಟೆನಲ್ಲ ಎಂದು ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಹೆಸರಿಟ್ಟು ಮಾರುವ ಬೆರಕೆಗೂ ಬೀದಿಯಲ್ಲಿ ಹುಟ್ಟಿದ ಬೆರಕೆಗೂ ನಡುವೆ ಮತ್ತೊಂದು ಮೇಲು ಕೀಳು ಹುಟ್ಟಿದೆ.

ಜಾತಿ ನೋಡಿ ನಾಯಿಯ ಗುಣ ಹೇಳಬಹುದು ಎಂಬ ನಂಬಿಕೆಯ ಬುಡವನ್ನೇ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಲುಗಾಡಿಸಿತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ನೋಡಿದಾಗ, ನಾಯಿ ನಾಯಿಗೂ ಸ್ವಭಾವದಲ್ಲಿರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9ರಷ್ಟೇ ಎಂದು ಕಂಡಿತು. ಬ್ಯಾಟರ್ಸಿಯ ನಿಲಯ ಇಂದಿಗೂ ನಡೆಯುತ್ತಿದೆ. ರಾಣಿ ಕಮಿಲಾ 2025ರಲ್ಲಿ ‘ಮೋಲಿ’ ಎಂಬ ಬೆರಕೆ ಮರಿಯನ್ನು ಮನೆಗೆ ಕರೆದೊಯ್ದದ್ದು ಅಲ್ಲಿಂದಲೇ. ನಾಯಿ ಬೇಕೆಂದು ಬರುವವರನ್ನು ಅಲ್ಲಿನವರು ಕೇಳುವುದು ಮನೆಯ ಸಂಗತಿಗಳನ್ನು: ಮಕ್ಕಳಿದ್ದಾರೆಯೇ, ಬೇರೆ ಪ್ರಾಣಿಗಳಿವೆಯೇ, ದಿನದಲ್ಲಿ ಎಷ್ಟು ಹೊತ್ತು ನಾಯಿ ಒಂಟಿಯಾಗಿ ಇರಬೇಕಾಗುತ್ತದೆ.